ನವೆಂಬರ್‌ವರೆಗೆ ಕಾಯಬೇಡಿ

ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳ ಎಚ್‌ಆರ್ ಮುಖ್ಯಸ್ಥರಿಗೆ, ಎಲೆಕ್ಟ್ರಾನಿಕ್ ಸಿಟಿಯ ಟೀಮ್ ಲೀಡುಗಳಿಗೆ, ಪೀಣ್ಯದ ಕಾರ್ಖಾನೆ ಮಾಲೀಕರು ಮತ್ತು ಸೂಪರ್‌ವೈಸರುಗಳಿಗೆ,



ಅಕ್ಟೋಬರ್ ಬಂತೆಂದರೆ ನಿಮ್ಮ ಕಚೇರಿಗಳ ಲಾಬಿಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಸ್ತನ ಕ್ಯಾನ್ಸರಿನ ಬಗ್ಗೆ ವೈದ್ಯರೊಬ್ಬರು ಬಂದು ಮಾತಾಡುತ್ತಾರೆ, ರಿಬ್ಬನ್ ಹಂಚುತ್ತಾರೆ, ಗ್ರೂಪ್ ಫೋಟೊ ಆಗುತ್ತದೆ. ಅದರ ಬೆನ್ನಿಗೇ ನವೆಂಬರ್: ಕೆಂಪು-ಹಳದಿ ಶಲ್ಯ, ಬಾವುಟ, ತಿಂಗಳಿಡೀ ರಾಜ್ಯೋತ್ಸವ. ಇದೇ ನವೆಂಬರಿನ ಮೂರನೇ ಗುರುವಾರ ವಿಶ್ವ ಪ್ಯಾಂಕ್ರಿಯಾಟಿಕ್ ಕ್ಯಾನ್ಸರ್ ದಿನ. ಅದರ ಬಣ್ಣ ನೇರಳೆ. ಬೆಂಗಳೂರಿನಲ್ಲಿ ನೇರಳೆ ಎಂದರೆ ಜನರಿಗೆ ನೆನಪಾಗುವುದು ಕಾಡುಗೋಡಿಗೆ ಹೋಗುವ ಮೆಟ್ರೊ.

ಇನ್ನೊಂದು ಜಾಗೃತಿ ದಿನ ಆಚರಿಸಿ ಎಂದು ಕೇಳಲು ಈ ಪತ್ರ ಬರೆದದ್ದಲ್ಲ. ಈ ಕಾಯಿಲೆ ಹೊಕ್ಕ ಮನೆಗೆ ಉಳಿಯುವ ಕಾಲ ಹೆಚ್ಚಿನ ಸಲ ತಿಂಗಳುಗಳ ಲೆಕ್ಕದಲ್ಲಿರುತ್ತದೆ. ಆ ಕಾಲದ ದೊಡ್ಡ ಪಾಲು ನಿಮ್ಮ ಕೈಯಲ್ಲಿದೆ. ರಜೆ ಮಂಜೂರು ಮಾಡುವವರು ನೀವು, ಇಎಸ್‌ಐ ಕಂತು ಕಟ್ಟುವವರು ನೀವು, ಗುಂಪು ವಿಮೆಯ ಪಟ್ಟಿಗೆ ಹೆಸರು ಸೇರಿಸುವವರು, ತೆಗೆಯುವವರು ನೀವು. ಆದ್ದರಿಂದ ಕಾಯಿಲೆಯ ಸ್ವಭಾವ ನಿಮಗೂ ತಿಳಿದಿರಬೇಕು.

ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಗ್ರಂಥಿ ಮೇದೋಜ್ಜೀರಕ. ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದು ಪ್ಯಾಂಕ್ರಿಯಾಸ್. ಉಂಡ ಅನ್ನ, ಬೇಳೆ, ಎಣ್ಣೆಯನ್ನು ಅರಗಿಸುವ ರಸವನ್ನು ಸಣ್ಣಕರುಳಿಗೆ ಸುರಿಸುವುದು ಅದರ ಒಂದು ಕೆಲಸ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವುದು ಇನ್ನೊಂದು. (ಇನ್ಸುಲಿನ್ ವಿಷಯವನ್ನು ಹೊಸೂರು ರಸ್ತೆಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲೇ ನೆಲೆಯೂರಿರುವ ಬಯೋಕಾನ್ 2004ರಲ್ಲೇ ಇನ್ಸುಜೆನ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತ್ತು.) ಗ್ರಂಥಿ ಇಷ್ಟು ಆಳದಲ್ಲಿರುವುದರಿಂದ ಆರಂಭದ ಗಡ್ಡೆ ಕೈಗೆ ಸಿಗುವುದಿಲ್ಲ. ಕರುಳಿನ ಗಾಳಿ ಅಡ್ಡ ಬಂದರೆ ಮಾಮೂಲಿ ಅಲ್ಟ್ರಾಸೌಂಡಿಗೂ ಕಾಣುವುದಿಲ್ಲ.

ಮೊದಮೊದಲ ದೂರುಗಳೂ ಹಾಗೇ, ಯಾರನ್ನೂ ಹೆದರಿಸುವಂಥವಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಅದು ಬೆನ್ನಿಗೆ ಹರಿಯುವುದು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಹಸಿವು ಸತ್ತುಹೋಗುವುದು. ಬೆಂಗಳೂರಿನಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್. ನೈಟ್ ಶಿಫ್ಟ್, ಹೊತ್ತಲ್ಲದ ಹೊತ್ತಿನ ಊಟ, ದಿನಕ್ಕೆ ಏಳೆಂಟು ಕಾಫಿ, ಕ್ಯಾಬಿನಲ್ಲಿ ಎರಡು ಗಂಟೆ ಕೂತ ಬೆನ್ನು ಎಂದ ಮೇಲೆ ಗ್ಯಾಸ್ಟ್ರಿಕ್ ಆಗದೆ ಇನ್ನೇನಾದೀತು? ಮೂಲೆಯ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಮಾತ್ರೆ ಕೊಡುತ್ತಾರೆ. ಬಹುತೇಕ ಮಂದಿಗೆ ಅದು ನಿಜವಾಗಿಯೂ ಗ್ಯಾಸ್ಟ್ರಿಕ್ಕೇ, ಸಂಶಯವಿಲ್ಲ. ಆದರೆ ಮಾತ್ರೆಯ ಪಟ್ಟಿ ಒಂದಾದ ಮೇಲೊಂದು ಖಾಲಿಯಾಗುತ್ತಿದ್ದರೂ ನೋವು ನಿಲ್ಲದೆ, ಜೊತೆಗೆ ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಗಿ ಬಂದವರಿಗೆ ಮಾತ್ರ ಆ ಹೆಸರು ಸಾಲದು. ಅವರು ಹೊಟ್ಟೆ-ಕರುಳಿನ ತಜ್ಞರನ್ನು ಕಾಣಬೇಕು, ಬೇಕಿದ್ದರೆ ಸಿಟಿ ಸ್ಕ್ಯಾನ್ ಆಗಬೇಕು.

ಗಡ್ಡೆ ಪ್ಯಾಂಕ್ರಿಯಾಸಿನ ತಲೆಭಾಗದಲ್ಲಿದ್ದರೆ ಪಕ್ಕದಲ್ಲೇ ಹಾದುಹೋಗುವ ಪಿತ್ತನಾಳವನ್ನು ಒತ್ತುತ್ತದೆ. ಆಗ ಕಣ್ಣು ಹಳದಿ, ಮೂತ್ರ ಕಡುಕಂದು, ಮಲ ಸುಣ್ಣದಂತೆ ಬಿಳಿಚು, ಮೈಯೆಲ್ಲ ತಡೆಯಲಾರದ ತುರಿಕೆ. ನೋವು ಇರಲೇಬೇಕೆಂದಿಲ್ಲ. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ, ಅರಿಶಿನ ಕಾಮಾಲೆಗೆ ಔಷಧ ಕೊಡುವ ಯಾರೋ ಒಬ್ಬರು. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಓಡಿಸುವ ತುಮಕೂರು, ಹಾಸನ, ರಾಯಚೂರು ಕಡೆಯ ಹುಡುಗನೂ ಊರಿನಿಂದ ಫೋನ್ ಬಂದರೆ ಅಪ್ಪನಿಗೆ ಹೇಳುವುದು ಅದನ್ನೇ: ನೆಲನೆಲ್ಲಿ ರಸ ಕುಡಿ, ಎಣ್ಣೆ-ಖಾರ ಬಿಡು, ಪಥ್ಯ ಮಾಡು. ವೈರಸ್ಸಿನಿಂದ ಬರುವ ಸಾಮಾನ್ಯ ಕಾಮಾಲೆ ಬಹಳಷ್ಟು ಸಲ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಔಷಧ ಕೊಟ್ಟವರ ಹೆಸರು ಉಳಿಯುತ್ತದೆ. ನಾಳ ಕಟ್ಟಿ ಬಂದ ಕಾಮಾಲೆ ಯಾವ ಪಥ್ಯಕ್ಕೂ ಇಳಿಯುವುದಿಲ್ಲ. ಎಂಡೋಸ್ಕೋಪಿನ ಮೂಲಕ ಸ್ಟೆಂಟ್ ಕೂರಿಸಿಯೋ, ಆಪರೇಷನ್ ಮಾಡಿಯೋ ದಾರಿ ಬಿಡಿಸಬೇಕು. ಅಷ್ಟರಲ್ಲಿ ಗಂಜಿ-ಮಜ್ಜಿಗೆಯ ಪಥ್ಯ, ಮೊದಲೇ ಇಳಿಯುತ್ತಿದ್ದ ತೂಕವನ್ನು ಇನ್ನಷ್ಟು ಇಳಿಸಿರುತ್ತದೆ. ಮಲ ಬಿಳಿಚು, ಮೈ ತುರಿಕೆ, ಕಣ್ಣು ಹಳದಿ, ಈ ಮೂರೂ ಒಟ್ಟಿಗೆ ಕಂಡವರಿಗೆ ಅದೇ ವಾರ ಸ್ಕ್ಯಾನ್ ಆಗಬೇಕು. ನಿಮ್ಮ ಕಾರ್ಖಾನೆಯ ಸೂಚನಾ ಫಲಕದಲ್ಲಿ ಹೆಲ್ಮೆಟ್ಟಿನ ಪಕ್ಕ ಇದೊಂದು ಸಾಲಿಗೂ ಜಾಗವಿದೆ.

ಮೂರನೆಯ ಸುಳಿವು ಸಕ್ಕರೆ ಕಾಯಿಲೆ. ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಶುಗರ್ ಬಂದರೆ ಅವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಮೂರು ವರ್ಷದೊಳಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಉಳಿದ ತೊಂಬತ್ತೊಂಬತ್ತು ಮಂದಿ ಗಾಬರಿಪಡಬೇಕಿಲ್ಲ. ಶುಗರ್ ಹೊಸದಾಗಿ ಬಂದಿದೆ, ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲ, ಊಟ ಕಡಿಮೆ ಮಾಡದೆಯೂ ತೂಕ ಇಳಿಯುತ್ತಿದೆ ಎನ್ನುವವರು ಮಾತ್ರ ವೈದ್ಯರಿಗೆ ಈ ಮಾತನ್ನು ಎತ್ತಿ ಹೇಳಬೇಕು.

ಇಲ್ಲಿ ಎಚ್‌ಆರ್ ವಿಭಾಗಕ್ಕೊಂದು ತಕರಾರು. ನಿಮ್ಮ ನೌಕರರಿಗೆ ಲ್ಯಾಬುಗಳು ಮಾರುವ ‘ಫುಲ್ ಬಾಡಿ’ ತಪಾಸಣೆಯ ಪ್ಯಾಕೇಜುಗಳಲ್ಲಿ ಕ್ಯಾನ್ಸರ್ ಮಾರ್ಕರ್ ಎಂದು ಸಿಎ 19-9 ಎಂಬ ರಕ್ತಪರೀಕ್ಷೆಯನ್ನೂ ಸೇರಿಸುವುದುಂಟು. ಕಾಯಿಲೆ ಇರುವುದು ಖಚಿತವಾದ ಮೇಲೆ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ನೋಡಲು ಅದು ಉಪಯುಕ್ತ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಅಲ್ಲ. ಪಿತ್ತಕೋಶದ ಕಲ್ಲಿನಿಂದ ಕಾಮಾಲೆಯಾದರೂ ಅದು ಏರುತ್ತದೆ. ಕೆಲವರ ದೇಹ ಹುಟ್ಟಿನಿಂದಲೇ ಆ ವಸ್ತುವನ್ನು ತಯಾರಿಸುವುದಿಲ್ಲ, ಅಂಥವರಿಗೆ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2019ರಲ್ಲಿ ತನ್ನ ಹಳೆಯ ನಿಲುವನ್ನೇ ಮತ್ತೆ ಹೇಳಿತು: ಲಕ್ಷಣಗಳಿಲ್ಲದ ಸಾಮಾನ್ಯ ಜನರಿಗೆ ಈ ಕ್ಯಾನ್ಸರಿನ ತಪಾಸಣೆ ಬೇಡ. ಆ ದುಡ್ಡನ್ನು ಧೂಮಪಾನ ಬಿಡಿಸುವ ಶಿಬಿರಕ್ಕೆ ಹಾಕಿ. ಈ ಕಾಯಿಲೆಯ ಕಾರಣಗಳಲ್ಲಿ ನಮ್ಮ ಹತೋಟಿಯಲ್ಲಿರುವ ದೊಡ್ಡ ಕಾರಣ ತಂಬಾಕೇ. ಟೆಕ್ ಪಾರ್ಕಿನ ಗೇಟಿನಾಚೆ ಟೀ ಅಂಗಡಿಯ ಸುತ್ತ ಹೊಗೆ ಬಿಡುತ್ತ ನಿಂತ ಗುಂಪನ್ನು ಕಂಡವರಿಗೆ ಶಿಬಿರ ಎಲ್ಲಿ ನಡೆಯಬೇಕೆಂದೂ ಗೊತ್ತು. ಬೊಜ್ಜು, ಬಹುಕಾಲದ ಸಕ್ಕರೆ ಕಾಯಿಲೆ, ಪದೇ ಪದೇ ಬರುವ ಪ್ಯಾಂಕ್ರಿಯಾಸ್ ಉರಿಯೂತ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇದೇ ಕ್ಯಾನ್ಸರ್, ಇವು ಉಳಿದ ಕಾರಣಗಳು. ಕೇರಳವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಎಳೆವಯಸ್ಸಿನಲ್ಲೇ ಪ್ಯಾಂಕ್ರಿಯಾಸಿನಲ್ಲಿ ಕಲ್ಲು ಕಟ್ಟುವ ಒಂದು ಬಗೆಯ ಉರಿಯೂತ ಬಹುಕಾಲದಿಂದ ಕಂಡುಬಂದಿದೆ. ಅದಿದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಅಂಕಿಗಳನ್ನು ಒಮ್ಮೆ ಹೇಳಿ ಮುಗಿಸೋಣ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು; ಅದೇ ವರ್ಷ ಸುಮಾರು 4.67 ಲಕ್ಷ ಜನ ಇದರಿಂದ ಸತ್ತರು. ಎರಡೂ ಸಂಖ್ಯೆ ಇಷ್ಟು ಹತ್ತಿರವಿರುವ ಕ್ಯಾನ್ಸರ್‌ಗಳು ಕಡಿಮೆ. ಪತ್ತೆಯಾಗುವ ಹೊತ್ತಿಗೆ ಆಪರೇಷನ್ ಮಾಡಬಹುದಾದ ಸ್ಥಿತಿಯಲ್ಲಿರುವವರು ನೂರಕ್ಕೆ ಹದಿನೈದರಿಂದ ಇಪ್ಪತ್ತು ಮಂದಿ. ಅಮೆರಿಕದಲ್ಲೇ ಐದು ವರ್ಷ ಬದುಕುಳಿಯುವವರು ನೂರಕ್ಕೆ ಹದಿಮೂರು. ಭಾರತದಲ್ಲಿ ಈ ಕಾಯಿಲೆಯ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಬಂದವರ ಮನೆಗೆ ಅದರಿಂದ ಏನೂ ಸಮಾಧಾನವಿಲ್ಲ.

ಆದರೆ ಎಲ್ಲ ಮುಗಿಯಿತು ಎಂದು ಕೈಚೆಲ್ಲುವುದೂ ತಪ್ಪು. ಗಡ್ಡೆ ತೆಗೆಯಲು ಬರುವಂತಿದ್ದರೆ ವಿಪ್ಪಲ್ ಆಪರೇಷನ್ ಇದೆ. ಪ್ಯಾಂಕ್ರಿಯಾಸಿನ ತಲೆ, ಸಣ್ಣಕರುಳಿನ ಆರಂಭದ ಭಾಗ, ಪಿತ್ತಕೋಶ, ಪಿತ್ತನಾಳದ ತುಂಡು ಎಲ್ಲವನ್ನೂ ತೆಗೆದು ಉಳಿದದ್ದನ್ನು ಮತ್ತೆ ಜೋಡಿಸುವ, ಹಲವು ಗಂಟೆಗಳ ಕೆಲಸ ಅದು. ಇದನ್ನು ವರ್ಷಕ್ಕೆ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂಬುದು ದೇಶ ದೇಶಗಳಲ್ಲಿ ಸಾಬೀತಾದ ಸಂಗತಿ. ಆದ್ದರಿಂದ ‘ನೀವು ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡುತ್ತೀರಿ’ ಎಂದು ಸರ್ಜನ್‌ರನ್ನು ಕೇಳುವುದು ಉದ್ಧಟತನ ಅಲ್ಲ. ಆಪರೇಷನ್ ಆದ ಮೇಲೆ ತೀವ್ರ ಕೀಮೋ ತಡೆದುಕೊಳ್ಳಬಲ್ಲವರಿಗೆ ಅದನ್ನು ಕೊಟ್ಟಾಗ ಸರಾಸರಿ ಬದುಕು 35 ತಿಂಗಳಿಂದ 54 ತಿಂಗಳಿಗೆ ಏರಿದ್ದನ್ನು 2018ರಲ್ಲಿ ಪ್ರಕಟವಾದ ಫ್ರಾನ್ಸ್-ಕೆನಡಾದ ಪ್ರಯೋಗ ತೋರಿಸಿತು.

ಆ ಕೀಮೋದ ಹೆಸರು ಫೋಲ್ಫಿರಿನಾಕ್ಸ್. ಟೀಮ್ ಲೀಡುಗಳು ಈ ಭಾಗವನ್ನು ನಿಧಾನವಾಗಿ ಓದಬೇಕು. ಎರಡು ವಾರಕ್ಕೊಂದು ಸುತ್ತು, ನಿಮ್ಮ ಸ್ಪ್ರಿಂಟಿನ ಹಾಗೆ. ಮೊದಲ ದಿನ ಆಸ್ಪತ್ರೆಯಲ್ಲಿ ಕೆಲವು ಗಂಟೆ. ಆಮೇಲೆ ಎದೆಯ ಮೇಲ್ಭಾಗದ ಚರ್ಮದಡಿ ಕೂರಿಸಿದ ಪೋರ್ಟಿಗೆ ಒಂದು ಸಣ್ಣ ಪಂಪ್ ಜೋಡಿಸಿ ಕಳಿಸುತ್ತಾರೆ. ಅದು ಸುಮಾರು 46 ಗಂಟೆ ತೊಟ್ಟು ತೊಟ್ಟಾಗಿ ಔಷಧ ಬಿಡುತ್ತಿರುತ್ತದೆ. ಅದರೊಂದಿಗೇ ಮಲಗಬೇಕು, ಅದರೊಂದಿಗೇ ಊಟ. ಪಂಪ್ ತೆಗೆಸಿದ ಮೇಲಿನ ಮೂರ್ನಾಲ್ಕು ದಿನ ಸುಸ್ತು, ವಾಕರಿಕೆ, ಭೇದಿ. ಎರಡನೇ ವಾರದಲ್ಲಿ ಅನೇಕರು ಎದ್ದು ಓಡಾಡುತ್ತಾರೆ. ಇದರಲ್ಲಿನ ಒಂದು ಔಷಧ ಆಕ್ಸಾಲಿಪ್ಲಾಟಿನ್. ಅದು ಒಳಗೆ ಹೋದ ಮೇಲೆ ಕೆಲವು ದಿನ ತಣ್ಣಗಿನದ್ದು ಏನೂ ಆಗದು. ಫ್ರಿಜ್ಜಿನ ಹಿಡಿ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ, ತಣ್ಣೀರು ಗುಟುಕಿಸಿದರೆ ಗಂಟಲು ಹಿಡಿದಂತಾಗುತ್ತದೆ. 20 ಡಿಗ್ರಿಯ ಎಸಿ ಹಾಲ್‌ನಲ್ಲಿ ಅಂಥವರನ್ನು ಕೂರಿಸಿ ‘ಬಂದು ಮುಖ ತೋರಿಸಿ ಹೋಗಿ’ ಎನ್ನುವುದು ಕ್ರೌರ್ಯ, ಹೇಳಿದವರಿಗೆ ಗೊತ್ತಿಲ್ಲದೆ ಆಗುವ ಕ್ರೌರ್ಯ. ಸುತ್ತುಗಳು ಹೆಚ್ಚಾದಂತೆ ಬೆರಳ ತುದಿಯ ಜೋಮು ಉಳಿದೇಬಿಡಬಹುದು. ಕೀಬೋರ್ಡಿನ ಮುಂದೆ ಅದು ಬರೀ ಕಿರಿಕಿರಿ. ಪೀಣ್ಯದಲ್ಲಿ ಪ್ರೆಸ್ಸಿನ ಮುಂದೆ ನಿಲ್ಲುವವರಿಗೆ ಬೆರಳೇ ಹೋಗುವ ಅಪಾಯ. ಮರಳಿ ಬಂದವರನ್ನು ಸ್ಟೋರ್ಸಿಗೋ ಇನ್‌ಸ್ಪೆಕ್ಷನ್ ಟೇಬಲ್ಲಿಗೋ ಹಾಕಿ.

ರೋಗಿ ನಿಮ್ಮ ನೌಕರರೇ ಆಗಿರಬೇಕೆಂದಿಲ್ಲ. ಈ ಕಾಯಿಲೆ ಹೆಚ್ಚಾಗಿ ಅರವತ್ತು ದಾಟಿದವರದು. ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಊರಿಂದ ಕರೆತಂದ ತಾಯಿ, ಎಲೆಕ್ಟ್ರಾನಿಕ್ ಸಿಟಿಯ ಪಿಜಿಯಲ್ಲಿರುವ ಹುಡುಗಿಯ ತಂದೆ, ಗಂಡನ ಅಣ್ಣ. ನೋಡಿಕೊಳ್ಳುವವರು ನಿಮ್ಮವರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರರ ಸ್ವಂತ ಅನಾರೋಗ್ಯಕ್ಕೆ ವರ್ಷಕ್ಕೆ 12 ದಿನ ರಜೆ ಕೊಡುತ್ತದೆ. ಕಾಯಿಲೆ ಬಿದ್ದ ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಖಾಸಗಿ ನೌಕರರಿಗೆ ಪ್ರತ್ಯೇಕ ರಜೆಯಿಲ್ಲ. ಅಲ್ಲಿಗೆ ಕಾನೂನು ನಿಂತಿತು. ಮುಂದಿನದ್ದು ನಿಮ್ಮ ವಿವೇಚನೆ. ಎಲ್ಲರೂ ಮೊದಲು ಹಣ ಒಟ್ಟು ಮಾಡಲು ಹೊರಡುತ್ತಾರೆ, ಅದು ಬೇಡವೆಂದಲ್ಲ. ಆದರೆ ಸ್ಕ್ಯಾನಿನ ವರದಿ ಬಂದ ಮೊದಲ ಎರಡು ವಾರ ಮನೆಯವರು ಓಡಾಡುವ ಪರಿ ನೋಡಿದರೆ ಅವರಿಗೆ ಆ ಕ್ಷಣಕ್ಕೆ ಬೇಕಾಗಿರುವುದು ದಿನಗಳು ಎಂದು ತಿಳಿಯುತ್ತದೆ: ಬಯಾಪ್ಸಿಗೆ ಒಂದು ದಿನ, ಸ್ಟೆಂಟಿಗೆ ಎರಡು, ಎರಡನೇ ಅಭಿಪ್ರಾಯಕ್ಕೆ ಒಂದು, ವಿಮೆಯ ಪೂರ್ವಾನುಮತಿಗೆ ಕಾಯುತ್ತ ಮತ್ತೊಂದು.

ವಿಮೆಯ ಒಂದು ಬಲೆ ಇದೆ. ತಾಯಿಯನ್ನು ನೋಡಿಕೊಳ್ಳಲೆಂದು ಮಗಳು ರಾಜೀನಾಮೆ ಕೊಡುತ್ತಾಳೆ. ಕೊನೆಯ ಕೆಲಸದ ದಿನ ಕಂಪನಿಯ ಗುಂಪು ವಿಮೆ ನಿಲ್ಲುತ್ತದೆ, ಅದರೊಂದಿಗೆ ತಾಯಿಯ ರಕ್ಷಣೆಯೂ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ನಿಯಮದಲ್ಲಿ ಅವಕಾಶವಿದೆ, ಆದರೆ ಕೆಲಸ ಬಿಡುವ ಮೊದಲೇ ಕೇಳಬೇಕು. ಬಿಟ್ಟ ಮೇಲೆ ನೆನಪಾದರೆ ತಡ. ರಾಜೀನಾಮೆ ಪತ್ರ ಮೇಜಿಗೆ ಬಂದ ದಿನ ಎಚ್‌ಆರ್ ಮಾಡಬೇಕಾದದ್ದು ಇಷ್ಟೇ: ಅದನ್ನು ಒಂದು ವಾರ ಪಕ್ಕಕ್ಕಿಟ್ಟು, ಸಂಬಳವಿಲ್ಲದ ರಜೆ, ಅರ್ಧ ದಿನದ ಕೆಲಸ, ಮನೆಯಿಂದ ಕೆಲಸ, ಯಾವುದರಲ್ಲಿ ವಿಮೆ ಉಳಿಯುತ್ತದೆ ಎಂದು ವಿಮಾ ಕಂಪನಿಯಿಂದ ಲಿಖಿತವಾಗಿ ತರಿಸಿಕೊಡುವುದು.

ಪೀಣ್ಯದ ಲೆಕ್ಕ ಬೇರೆ, ಮತ್ತು ಅಲ್ಲಿ ಕಾನೂನು ಹೆಚ್ಚು ಉದಾರ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ನೌಕರರ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಚಿಕಿತ್ಸೆ ನೌಕರರಿಗಷ್ಟೇ ಅಲ್ಲ, ಅವಲಂಬಿತ ಕುಟುಂಬಕ್ಕೂ ಇದೆ. ನೌಕರರೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಸಂಬಳದ ಶೇ 70 ಸಿಗುತ್ತದೆ ಎಂಬುದು ಅನೇಕ ಸೂಪರ್‌ವೈಸರುಗಳಿಗೆ ಗೊತ್ತು. ಬಹಳ ಮಂದಿಗೆ ಗೊತ್ತಿಲ್ಲದ್ದು ಅದರ ಮುಂದಿನ ಮೆಟ್ಟಿಲು: ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳಿಗೆ ವಿಸ್ತೃತ ಅನಾರೋಗ್ಯ ಭತ್ಯೆ ಇದೆ, ಸಂಬಳದ ಶೇ 80, ಎರಡು ವರ್ಷದವರೆಗೆ. ಅದಕ್ಕೆ ಎರಡು ವರ್ಷದ ಸತತ ಸೇವೆ ಇರಬೇಕು, ಹಿಂದಿನ ನಾಲ್ಕು ಕಂತಿನ ಅವಧಿಗಳಲ್ಲಿ ಕನಿಷ್ಠ 156 ದಿನದ ಕಂತು ಕಟ್ಟಿರಬೇಕು. ಇಲ್ಲೇ ಗುತ್ತಿಗೆ ಕಾರ್ಮಿಕರು ಎಡವುವುದು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ವಿಮಾ ಸಂಖ್ಯೆ ಮಾಡಿಸಿದರೆ ಹಳೆಯ ಸಂಖ್ಯೆಯಲ್ಲಿ ಕಟ್ಟಿದ ದಿನಗಳು ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಹತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವನೂ ಕಾಗದದ ಮೇಲೆ ಆರು ತಿಂಗಳ ಹಿಂದೆ ಸೇರಿದವನಾಗಿಬಿಡುತ್ತಾನೆ. ನೌಕರ ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು 1948ರ ಇಎಸ್‌ಐ ಕಾಯ್ದೆ ಬರೆದವರೇ 73ನೇ ಕಲಮಿನಲ್ಲಿ ಹೇಳಿದ್ದರು. ‘ಸುಧಾರಿಸಿಕೊಂಡು ಬಾ, ಆಮೇಲೆ ನೋಡೋಣ’ ಎಂದು ಹೆಸರು ಹೊಡೆಯುವ ಮಾಲೀಕರಿಗೆ ಇದು ನೆನಪಿರಲಿ.

ಗುಂಪು ವಿಮೆ, ಇಎಸ್‌ಐ ಎಂಬ ಈ ಎರಡೂ ನೆರಳಿನ ಹೊರಗಿರುವವರಿಗೆ, ಅಂದರೆ ಕ್ಯಾಂಟೀನಿಗೆ ತರಕಾರಿ ತರುವವರು, ಗೇಟಿನ ಮುಂದೆ ಆಟೊ ನಿಲ್ಲಿಸುವವರಿಗೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸಾಮಾನ್ಯವಾಗಿ ದಾರಿ ಸರ್ಕಾರಿ ಆಸ್ಪತ್ರೆಯಿಂದ ಶುರುವಾಗುತ್ತದೆ. ಈ ಕಾಯಿಲೆಗೆ ಆ ದಾರಿ ಬಹಳ ಸಲ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೊನೆಗೊಳ್ಳುತ್ತದೆ. 1973ರಲ್ಲಿ ಹುಟ್ಟಿದ ಈ ಸಂಸ್ಥೆ ರಾಜ್ಯದ ಮೂಲೆಮೂಲೆಯ ಜನರಿಗೆ ಕೊನೆಯ ಆಸರೆ. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಕೇಂದ್ರಗಳಲ್ಲಿ ಒಂದಾಗಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಿರುವುದೂ ಅದೇ. ಅಲ್ಲಿಗೆ ಪೀಣ್ಯದಿಂದ ಮೆಜೆಸ್ಟಿಕ್ಕಿಗೆ ಮೆಟ್ರೊ, ಅಲ್ಲಿಂದ ಹೊಸೂರು ರಸ್ತೆಯ ಬಸ್ಸು, ಬೆಳಿಗ್ಗೆಯೇ ಸಾಲು. ಒಬ್ಬರು ರೋಗಿಯನ್ನು ಹಿಡಿದುಕೊಂಡಿರಬೇಕು, ಇನ್ನೊಬ್ಬರು ಕೌಂಟರಿನಲ್ಲಿ ನಿಲ್ಲಬೇಕು. ನಿಮ್ಮ ಫ್ಯಾಕ್ಟರಿಯ ಸಹೋದ್ಯೋಗಿ ಒಬ್ಬನನ್ನು ಆ ದಿನ ಹಾಜರಿ ಹಾಕಿ ಜೊತೆಗೆ ಕಳಿಸಿದರೆ ಅದಕ್ಕಿಂತ ದೊಡ್ಡ ಸಿಎಸ್‌ಆರ್ ಇಲ್ಲ.

ಊಟದ ವಿಚಾರ ಸಣ್ಣದೆನಿಸಬಹುದು. ಗ್ರಂಥಿ ಕೆಟ್ಟ ಮೇಲೆ ಅರಗಿಸುವ ರಸ ಕಡಿಮೆಯಾಗುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಮಲ ಜಿಡ್ಡುಜಿಡ್ಡಾಗಿ ನೀರಿನಲ್ಲಿ ತೇಲುತ್ತದೆ. ಅದಕ್ಕೆ ಪ್ಯಾಂಕ್ರಿಯಾಟಿನ್ ಎಂಬ ಎನ್‌ಜೈಮ್ ಕ್ಯಾಪ್ಸೂಲ್ ಇದೆ. ಅದನ್ನು ಬೇರೆ ಮಾತ್ರೆಗಳ ಹಾಗೆ ಊಟಕ್ಕೆ ಮುಂಚೆ ನುಂಗಿದರೆ ದಂಡ. ಮೊದಲ ತುತ್ತಿನೊಂದಿಗೆ ನುಂಗಬೇಕು, ಊಟ ದೊಡ್ಡದಾದರೆ ನಡುವೆ ಇನ್ನೊಂದು. ಸಂಜೆ ಬೋಂಡಾ ತಿಂದರೂ ಬೇಕು, ಒಂದು ಲೋಟ ಹಾಲು ಕುಡಿದರೂ ಬೇಕು. ಡಬ್ಬಿಯಲ್ಲಿ ಊಟ ತರುವ ಗೆಳೆಯರು ಇದನ್ನು ತಿಳಿದು, ಮೂರು ಹೊತ್ತಿನ ದೊಡ್ಡ ಊಟಕ್ಕಿಂತ ಎರಡು ಗಂಟೆಗೊಮ್ಮೆ ತಿನ್ನುವಷ್ಟು ಇಡ್ಲಿ, ಮೊಸರನ್ನ, ಮೊಟ್ಟೆ, ಬೇಳೆಕಟ್ಟು ತಂದರೆ ಪ್ರಯೋಜನ.

ಇನ್ನು ಮಾತು. ಈ ಮನೆಗಳಿಗೆ ಹೋದವರು ಆಡುವ ಮಾತುಗಳಲ್ಲಿ ಮೂರನ್ನು ಬಿಡಬೇಕು.

ಒಂದು, ಸ್ಟೀವ್ ಜಾಬ್ಸ್ ಕಥೆ. ‘ಜಾಬ್ಸ್‌ಗೂ ಇದೇ ಆಗಿತ್ತು, ಎಂಟು ವರ್ಷ ಬದುಕಿದ್ದರು’ ಎನ್ನುವವರು ನಿಮ್ಮ ವೃತ್ತಿಯಲ್ಲಿ ಬಹಳ. ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ನ್ಯೂರೋಎಂಡೋಕ್ರೈನ್ ಗಡ್ಡೆ. ಅದೇ ಗ್ರಂಥಿಯ ಬೇರೆ ಜೀವಕೋಶಗಳಲ್ಲಿ ಹುಟ್ಟುವ, ಸಾಮಾನ್ಯವಾಗಿ ನಿಧಾನ ಬೆಳೆಯುವ, ಅಪರೂಪದ ಬಗೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದು ಅಡಿನೋಕಾರ್ಸಿನೋಮ. ಅದು ಬಂದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ರ‍್ಯಾಂಡಿ ಪಾಷ್‌ಗೆ. 2006ರಲ್ಲಿ ವಿಪ್ಪಲ್ ಆಯಿತು, ಮರುವರ್ಷ ಮರುಕಳಿಸಿತು, 2007ರ ಸೆಪ್ಟೆಂಬರ್ 18ರಂದು ಅವರು ಕೊಟ್ಟ ಕೊನೆಯ ಉಪನ್ಯಾಸವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅವರ ಮನೆಯವರು ಮಾಡಿದ ಒಂದು ಕೆಲಸ ಅಷ್ಟು ಪ್ರಸಿದ್ಧವಲ್ಲ: ಮೂರು ಪುಟ್ಟ ಮಕ್ಕಳೊಂದಿಗೆ ಹೆಂಡತಿಯ ತವರಿನ ಹತ್ತಿರಕ್ಕೆ ಮನೆ ಬದಲಿಸಿದರು. ಪಾಷ್ 2008ರ ಜುಲೈ 25ರಂದು ತೀರಿಕೊಂಡರು. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಕೆಲಸ ಮಾಡುತ್ತೇನೆ ಎಂದು ನೌಕರರೊಬ್ಬರು ಕೇಳಿದಾಗ ಈ ಸ್ಥಳಾಂತರ ನೆನಪಿಗೆ ಬರಲಿ.

ಎರಡು, ಮನೋಹರ್ ಪರ್‍ರೀಕರ್ ಅವರ ಫೋಟೊ. ಮಹದಾಯಿ ನದಿ ವಿವಾದದ ಕಾರಣಕ್ಕೆ ಕನ್ನಡಿಗರಿಗೆ ಪರಿಚಿತರಾಗಿದ್ದ ಗೋವಾದ ಈ ಮುಖ್ಯಮಂತ್ರಿ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದರು. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ಸರ್ಕಾರ ಬಾಯಿಬಿಟ್ಟು ಹೇಳಿದ್ದು ಅಕ್ಟೋಬರಿನಲ್ಲಿ. 2019ರ ಜನವರಿಯಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡೇ ಬಜೆಟ್ ಮಂಡಿಸಿದರು. ಮಾರ್ಚ್ 17ರಂದು ತೀರಿಕೊಂಡರು. ಕೊನೆಯವರೆಗೆ ಕೆಲಸ ಮಾಡುವುದು ಅವರ ಆಯ್ಕೆ. ಮೂಗಿನ ಕೊಳವೆಯ ಆ ಫೋಟೊವನ್ನು ಕೀಮೋದಲ್ಲಿರುವ ನೌಕರರಿಗೆ ಸ್ಫೂರ್ತಿಗೆಂದು ಫಾರ್ವರ್ಡ್ ಮಾಡುವುದು ಬೇಡ.

ಮೂರು, ‘ಒಮ್ಮೆ ನರಸೀಪುರಕ್ಕೆ ಹೋಗಿಬನ್ನಿ’. ಸಾಗರ ತಾಲ್ಲೂಕಿನ ಆ ಊರಿನಲ್ಲಿ 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿ ಅವರ ಮನೆ ಮುಂದೆ ಮರದ ಚಕ್ಕೆಗಾಗಿ ಸಾವಿರಾರು ಜನ ರಾತ್ರಿಯಿಡೀ ಸಾಲು ನಿಲ್ಲುತ್ತಿದ್ದರು. ಜನರ ನಂಬಿಕೆಯನ್ನು ಲೇವಡಿ ಮಾಡುವ ಅಗತ್ಯವಿಲ್ಲ. ಈ ಕ್ಯಾನ್ಸರಿಗೆ ಯಾವುದೇ ಚಕ್ಕೆ-ಕಷಾಯ ಕೆಲಸ ಮಾಡಿದ್ದಕ್ಕೆ ಪುರಾವೆಯಿಲ್ಲ, ಆಪರೇಷನ್ ಮಾಡಬಹುದಾದ ಗಡ್ಡೆ ಕೆಲವೇ ವಾರಗಳಲ್ಲಿ ಮಾಡಲಾಗದ ಗಡ್ಡೆಯಾಗಬಹುದು ಎಂಬುದಷ್ಟನ್ನು ಹೇಳಬೇಕು. ಕಷಾಯ ಕುಡಿಯುತ್ತಿದ್ದರೆ ಅದನ್ನು ಕ್ಯಾನ್ಸರ್ ವೈದ್ಯರಿಂದ ಮುಚ್ಚಿಡಬಾರದು.

ಮುಚ್ಚಿಡುವುದು ನಮ್ಮ ಮನೆಗಳ ಅಭ್ಯಾಸವೇ. ‘ಅವರಿಗೆ ಹೇಳಬೇಡಿ ಡಾಕ್ಟ್ರೇ’ ಎಂದು ಬಾಗಿಲ ಹೊರಗೆ ಮಗ ಬೇಡುತ್ತಾನೆ. ಒಳಗೆ ತಂದೆಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ. ಹೊರಗಿನವರಿಂದ ಮುಚ್ಚಿಡುವುದು ಬೇರೆ ಮಾತು, ಅದು ರೋಗಿಯ ಹಕ್ಕು. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟ ಅಪರ್ಣಾ 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆಯೇ ನಾಡಿನ ಬಹುತೇಕ ಜನರಿಗೆ ಅವರ ಕಾಯಿಲೆ ತಿಳಿದದ್ದು. ಎಚ್‌ಆರ್‌ಗೆ ಬಂದ ವೈದ್ಯಕೀಯ ಕಾಗದ ಆ ಮೇಜು ದಾಟಬಾರದು. ಈಗ ಈ ಕ್ಯಾನ್ಸರ್ ಬಂದವರಿಗೆಲ್ಲ ಬಿಆರ್‌ಸಿಎ ಮುಂತಾದ ಅನುವಂಶೀಯ ದೋಷಗಳ ಪರೀಕ್ಷೆಯನ್ನು ವೈದ್ಯರು ಸೂಚಿಸುತ್ತಾರೆ. ಒಡಹುಟ್ಟಿದವರಿಗೆ, ಮಕ್ಕಳಿಗೆ ಅದರಿಂದ ಮುನ್ನೆಚ್ಚರಿಕೆ ಸಿಗುತ್ತದೆ. ಆ ವರದಿ ಕಂಪನಿಗೆ ಏತಕ್ಕೂ ಬೇಕಿಲ್ಲ.

ನೋವಿನ ವಿಷಯದಲ್ಲಿ ವೈಟ್‌ಫೀಲ್ಡಿನವರ ಅದೃಷ್ಟ ಅವರ ರಸ್ತೆಯಲ್ಲೇ ಇದೆ. ಮಾರತಹಳ್ಳಿಯಿಂದ ವರ್ತೂರಿಗೆ ಹೋಗುವ ದಾರಿಯಲ್ಲಿ ಕುಂದಲಹಳ್ಳಿಯ ಬಳಿ ಕರುಣಾಶ್ರಯ ಎಂಬ ಬೋರ್ಡನ್ನು ದಿನಾ ಕ್ಯಾಬಿನಿಂದ ನೋಡಿರುತ್ತೀರಿ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟ್ ಅದು. ಮೊದಲು ಮನೆಮನೆಗೆ ಹೋಗಿ ಆರೈಕೆ. 1999ರಿಂದ ಒಳರೋಗಿಗಳಿಗೂ ಜಾಗ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಕಲ್ಲಿನ ಕಟ್ಟಡ, ವಾರ್ಡುಗಳ ಮುಂದೆ ನೀರಿನ ಕೊಳ. ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಶುಲ್ಕವಿಲ್ಲ, ಯಾರಿಗೂ ಇಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರಿನ ನೋವು ಬೆನ್ನೊಳಗಿನ ನರಗಳ ಗುಂಪಿಗೆ ತಾಗಿ ಬರುವಂಥದ್ದು. ಸಾಮಾನ್ಯ ಮಾತ್ರೆಗೆ ಬಗ್ಗುವುದಿಲ್ಲ. ಮಾರ್ಫಿನ್ ಬೇಕಾಗುತ್ತದೆ, ಕೆಲವರಿಗೆ ಆ ನರಗಳನ್ನು ಇಂಜೆಕ್ಷನ್ನಿನಿಂದ ಮರಗಟ್ಟಿಸುವುದೂ ಉಂಟು. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲು ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆಯಿತು. ಚಟ ಹತ್ತೀತು ಎಂಬ ಹೆದರಿಕೆ ಮಾತ್ರ ಮನೆಗಳಲ್ಲಿ ತಿದ್ದುಪಡಿಯಾಗಿಲ್ಲ. ಉಪಶಾಮಕ ಆರೈಕೆ ಎಂದರೆ ಕೊನೆಯ ಎರಡು ದಿನಕ್ಕೆ ಎಂದುಕೊಳ್ಳುವುದೂ ತಪ್ಪೇ. ರೋಗ ಪತ್ತೆಯಾದ ತಿಂಗಳಿಂದಲೇ ಕೀಮೋ ಜೊತೆಗೆ ಅದು ನಡೆದರೆ ರೋಗಿ ನಿದ್ದೆ ಮಾಡುತ್ತಾರೆ, ಮನೆಯವರೂ ಮಾಡುತ್ತಾರೆ.

ಸಾವು ಸಂಭವಿಸಿದ ಮೇಲೆ ಕಚೇರಿಯಿಂದ ಒಂದು ಹೂಗುಚ್ಛ, ಒಂದು ಈಮೇಲ್ ಹೋಗುತ್ತದೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ತೀರಿಕೊಂಡವರು ನಿಮ್ಮ ನೌಕರರಾಗಿದ್ದರೆ ಭವಿಷ್ಯ ನಿಧಿಗೆ ಜೋಡಿಸಿದ ವಿಮೆಯಿಂದ ಮನೆಯವರಿಗೆ 7 ಲಕ್ಷ ರೂಪಾಯಿವರೆಗೆ ಬರಬೇಕು, ಕುಟುಂಬ ಪಿಂಚಣಿ ಬರಬೇಕು. ಸಾವಿನ ಪ್ರಕರಣದಲ್ಲಿ ಐದು ವರ್ಷ ತುಂಬದಿದ್ದರೂ ಗ್ರಾಚ್ಯುಟಿ ಬರಬೇಕು. ನಾಮಿನಿ ಜಾಗದಲ್ಲಿ ಮದುವೆಗೆ ಮುಂಚೆ ಬರೆದ ತಾಯಿಯ ಹೆಸರೇ ಉಳಿದಿರುತ್ತದೆ, ಆಧಾರಿನಲ್ಲೊಂದು ಸ್ಪೆಲ್ಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಮನೆಯಲ್ಲೊಂದು ಮಗುವಿರುವ ಮೂವತ್ತೈದರ ಹೆಂಗಸು ಇದನ್ನು ಒಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆದು ಸರಿಮಾಡಬೇಕಾಗುತ್ತದೆ. ಇದಕ್ಕೆಂದೇ ನಿಮ್ಮಲ್ಲಿ ಒಬ್ಬರ ಹೆಸರು ಗೊತ್ತುಮಾಡಿ, ಅವರ ಮೊಬೈಲ್ ಸಂಖ್ಯೆಯನ್ನು ಆಕೆಗೆ ಕೊಡಿ, ಕೊನೆಯ ಚೆಕ್ ಖಾತೆಗೆ ಬೀಳುವವರೆಗೆ ಆ ವ್ಯಕ್ತಿ ಬದಲಾಗದಂತೆ ನೋಡಿಕೊಳ್ಳಿ. ಪೀಣ್ಯದವರು ಈ ವಾರವೇ ತಮ್ಮ ಗುತ್ತಿಗೆ ಕಾರ್ಮಿಕರ ಇಎಸ್‌ಐ ಸಂಖ್ಯೆಗಳ ಪಟ್ಟಿ ತೆಗೆಸಿ, ಒಬ್ಬರ ಹೆಸರಿನಲ್ಲಿ ಎರಡೆರಡು ಸಂಖ್ಯೆ ಇದ್ದರೆ ಒಂದು ಮಾಡಿಸಲಿ.